ಮೇಲಿನ ಮನೆಯ ಮೀಟರ್

"ಅಂಕಲ್, ನಿಲ್ಲಿ, ನಿಲ್ಲಿ! ಫ್ಯೂಸ್ ಕೀಳ್ಬೇಡಿ! ನಮ್ದು ಆಟೋಪೇ! ಬಿಲ್ ತಾನಾಗೇ ಹೋಗುತ್ತೆ!"

ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಗೆ ಕೈ ಹಾಕಿದ್ದ ಲೈನ್‌ಮನ್ ತಿರುಗಿ ನೋಡಿದ.

"ತಾನಾಗೇ ಹೋಗಿದ್ರೆ ನಾನ್ಯಾಕಮ್ಮ ಈ ಬಿಸಿಲಲ್ಲಿ ಬರ್ತಿದ್ದೆ? ಮೇಲಿನ ಮನೆ, ಮೂರು ತಿಂಗಳಿಂದ ಕಟ್ಟಿಲ್ಲ. ನೋಡು, ಲಿಸ್ಟಲ್ಲಿದೆ."

"ಓವನ್‌ನಲ್ಲಿ ಕೇಕ್ ಇದೆ ಅಂಕಲ್! ಈಗ ಕರೆಂಟ್ ಹೋದ್ರೆ ಮುಗೀತು!"

ಹೀಗೆ ಕೂಗಾಡುತ್ತಿದ್ದವಳು ಮ್ಯಾನೇಜರ್. ಮ್ಯಾನೇಜರ್ ಅಂದರೆ ಕೋಟು ಬೂಟು ಹಾಕಿದವಳೇನಲ್ಲ, ಐದನೇ ಕ್ಲಾಸಿನ ಹುಡುಗಿ. ಲಾರಿ ಓಡಿಸುವ ಅಪ್ಪ ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಅಮ್ಮ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಅಮ್ಮನ ಕೈಗೆ ಸದಾ ಹಿಟ್ಟೋ ಕ್ರೀಮೋ ಮೆತ್ತಿಕೊಂಡಿರುವುದರಿಂದ ಅವಳ ಫೋನ್ ನೋಡಿಕೊಳ್ಳುವುದು ಮಗಳ ಕೆಲಸ. ಅದಕ್ಕೇ ಅಮ್ಮ ಅವಳನ್ನು ಮ್ಯಾನೇಜರ್ ಎಂದು ಕರೆಯುವುದು. ಆ ಹೆಸರು ಕೇಳಿದರೆ ಅವಳು ಒಂದಿಂಚು ಉದ್ದವಾಗುತ್ತಾಳೆ. ಕೇಕಿನ ಮೇಲೆ ಉಬ್ಬಿದ ಭಾಗವನ್ನು ಅಮ್ಮ ಕೊಯ್ದು ಸಮ ಮಾಡುತ್ತಾಳಲ್ಲ, ಆ ತುಂಡೇ ಅವಳ ಸಂಬಳ.

ಇವತ್ತು ಬೇಯುತ್ತಿದ್ದದ್ದು ಡಾಕ್ಟರಮ್ಮನ ಮಗಳ ಬರ್ತ್‌ಡೇ ಕೇಕ್. ಸಂಜೆಯೊಳಗೆ ತಲುಪಿಸಬೇಕು. ಅರ್ಧ ಬೆಂದಾಗ ಓವನ್ ಆರಿದರೆ ಕೇಕಿನ ಹೊಟ್ಟೆ ಒಳಗೆ ಕುಸಿಯುತ್ತದೆ. ಮತ್ತೆ ಏನು ಮಾಡಿದರೂ ಅದು ಏಳುವುದಿಲ್ಲ.

ಮ್ಯಾನೇಜರ್ ಫೋನನ್ನು ಲೈನ್‌ಮನ್ ಮುಖಕ್ಕೆ ಹಿಡಿದಳು. "ನೋಡಿ, ಪ್ರತಿ ತಿಂಗಳೂ ದುಡ್ಡು ಹೋಗಿದೆ. ಮನೆ ಓನರ್ ಹೆಸರೂ ಇದೆ."

"ಎರಡೂ ಮೀಟರ್ ಓನರ್ ಹೆಸರಲ್ಲೇ ಇರೋದು. ದುಡ್ಡೇನೋ ಹೋಗಿದೆ ಕಣಮ್ಮ, ಆದ್ರೆ ನಂಬರ್ ಬೇರೆ. ಆಪ್‌ನವರನ್ನ ಕೇಳ್ಕೊಳ್ಳಿ. ನನಗೆ ಆರ್ಡರ್ ಇದೆ."

ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆಯಿತು. ಕಂಡಕ್ಟರ್ ತಾತ ಹೊರಗೆ ಬಂದರು. ಇಡೀ ಜೀವಮಾನ ಬಸ್ಸಿನಲ್ಲಿ ಟಿಕೆಟ್ ಹರಿದು ರಿಟೈರ್ ಆದವರು. ಮೆಟ್ಟಿಲ ಲೈಟು ಅವರ ಮೀಟರಿಗೆ ಸೇರಿದ್ದು. ಅದನ್ನು ಆರಿಸದೆ ಯಾರಾದರೂ ಮೇಲೆ ಹೋದರೋ, "ಬಿಲ್ಲೇನು ನಿಮ್ಮಪ್ಪ ಕಟ್ತಾನಾ?" ಎಂದು ಗುಡುಗುತ್ತಿದ್ದರು.

"ಏನಪ್ಪಾ ಗಲಾಟೆ?"

"ಮೇಲಿನ ಮನೆಯವರು ಬಿಲ್ ಕಟ್ಟಿಲ್ಲ ಯಜಮಾನ್ರೇ."

"ಛೇ, ಛೇ! ಟಿಕೆಟ್ ತಗೊಳ್ದೆ ಬಸ್ ಹತ್ತಿದ ಹಾಗಾಯ್ತಲ್ಲಮ್ಮ ಇದು," ಎಂದರು ತಾತ.

ಮ್ಯಾನೇಜರ್ ಮುಖ ತೋರಿಸಲಾಗದೆ ಮೀಟರ್ ಪೆಟ್ಟಿಗೆಯ ಕಡೆ ತಿರುಗಿದಳು. ಒಳಗೆ ಎರಡು ಮೀಟರ್, ಒಂದರ ಮೇಲೆ ಒಂದು. ಎರಡರಲ್ಲೂ ಪುಟ್ಟ ಕೆಂಪು ದೀಪ. ಮೇಲಿನ ಮೀಟರಿನದು ತೂಕಡಿಸುತ್ತಾ ಆಗೊಮ್ಮೆ ಈಗೊಮ್ಮೆ ಕಣ್ಣು ಬಿಡುತ್ತಿತ್ತು. ಕೆಳಗಿನದು ಮಾತ್ರ ಉಸಿರು ಬಿಡದೆ ಪಿಳಿಪಿಳಿ ಎನ್ನುತ್ತಿತ್ತು.

ಹೆಚ್ಚು ಕರೆಂಟ್ ಉರಿದರೆ ದೀಪ ಬೇಗ ಬೇಗ ಮಿನುಗುತ್ತದೆ ಎಂದು ಸೈನ್ಸ್ ಟೀಚರ್ ಹೇಳಿದ್ದರು. ಓವನ್ ಉರಿಯುತ್ತಿರುವುದು ತಮ್ಮ ಮನೆಯಲ್ಲಿ. ತಾತನ ಮನೆಯಲ್ಲಿ ಈ ಹೊತ್ತಿಗೆ ಒಂದು ಫ್ಯಾನ್ ತಿರುಗಿದರೆ ಹೆಚ್ಚು.

ಹಾಗಾದರೆ ತಮ್ಮದು ಕೆಳಗಿನ ಮೀಟರ್!

ಆಟೋಪೇ ಮಾಡಿದ ದಿನ ನೆನಪಾಯಿತು. ಬಿಲ್ಲಿನ ಕಾಗದ ಸಕ್ಕರೆ ಪಾಕದ ಪಾತ್ರೆಗೆ ಬಿದ್ದು ಅಕ್ಷರವೆಲ್ಲ ಅಳಿಸಿಹೋಗಿತ್ತು. "ಮ್ಯಾನೇಜರ್, ಮೀಟರ್ ಮೇಲಿರೋ ನಂಬರ್ ಓದ್ಕೊಂಡು ಬಾ," ಎಂದಿದ್ದಳು ಅಮ್ಮ. ಮ್ಯಾನೇಜರ್ ಸ್ಟೂಲ್ ಹಾಕಿಕೊಂಡು, ಟಾರ್ಚ್ ಹಿಡಿದು, ಮೇಲಿನ ಮೀಟರಿನ ನಂಬರ್ ಬರೆದುಕೊಂಡಿದ್ದಳು. ಮೇಲಿನ ಮನೆಗೆ ಮೇಲಿನ ಮೀಟರ್ ತಾನೇ? ಅದರಲ್ಲಿ ಕೇಳುವುದೇನಿದೆ?

ಆಮೇಲೆ ಬಂದ ಬಿಲ್ಲುಗಳನ್ನು ಯಾರೂ ಓದಲಿಲ್ಲ. ತಾನಾಗೇ ಹೋಗುತ್ತದಲ್ಲ! ಅವುಗಳ ಹಿಂದಿನ ಬಿಳಿ ಜಾಗದಲ್ಲಿ ಅವಳು ಆನೆ, ಒಂಟೆ, ಜಿರಾಫೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದಳು.

ಆಪ್‌ನದೇ ತಪ್ಪು ಅಂದುಬಿಡಬಹುದಿತ್ತು. ಲೈನ್‌ಮನ್ ಕೂಡ ಹಾಗೇ ಅಂದುಕೊಂಡಿದ್ದ. ಆದರೆ ಆಪನ್ನು ಬೈದರೆ ಕೇಕ್ ಬೇಯುವುದಿಲ್ಲವಲ್ಲ.

"ಅಂಕಲ್, ತಪ್ಪು ನಂದೇ," ಎಂದಳು. "ನಾನು ತಾತನ ಮೀಟರ್ ನಂಬರ್ ಕೊಟ್ಬಿಟ್ಟಿದ್ದೀನಿ. ತಾತ, ನಿಮ್ಮ ಬಿಲ್ ನಮ್ಮಪ್ಪ ಕಟ್ಟಿಲ್ಲ. ನಮ್ಮಮ್ಮ ಕಟ್ಟಿದ್ದಾಳೆ."

ತಾತ ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತರು.

"ಕೌಂಟರಲ್ಲಿ ಬಿಲ್ ಆಗಲೇ ಕಟ್ಟಾಗಿದೆ ಅಂದ್ರು. ಓನರ್ ಕಟ್ಟಿದಾನೆ ಅಂದ್ಕೊಂಡೆ. ಪಾಪ, ಎಂಥಾ ಒಳ್ಳೇ ಮನುಷ್ಯ ಅಂತ ಮೂರು ತಿಂಗಳಿಂದ ಅವನ ಗಿಡಕ್ಕೆಲ್ಲ ನೀರು ಹಾಕಿದೀನಿ! ನಲ್ಲಿ ಸೋರ್ತಿದ್ರೂ ಜಗಳ ಆಡ್ಲಿಲ್ಲ!" ತಾತ ಹಣೆ ಚಚ್ಚಿಕೊಂಡರು. "ಅಯ್ಯೋ, ಟಿಕೆಟ್ ಇಲ್ದೆ ಹೋಗಿದ್ದು ನಾನೇನಾ?"

ಲೈನ್‌ಮನ್ ನಗು ತಡೆಯಲು ಮೀಸೆ ಒರೆಸಿಕೊಂಡ.

ತಾತ ತಟ್ಟನೆ ಎದ್ದು ಮೀಟರ್ ಪೆಟ್ಟಿಗೆಗೆ ಅಡ್ಡ ನಿಂತರು. "ಹೋಲ್ಡಾನ್! ಬಸ್ ನಿಲ್ಲಲಿ! ಮಗೂ, ಅಮ್ಮನ್ನ ಕರಿ."

ಅಮ್ಮ ಕ್ರೀಮ್ ಕೈಯಲ್ಲೇ ಇಳಿದು ಬಂದಳು. ಮಗಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅಮ್ಮ ಒಂದು ಸಲ ಮೀಟರ್ ನೋಡಿದಳು, ಒಂದು ಸಲ ಮಗಳನ್ನು.

"ಮೊದಲು ಬಿಲ್ ಕಟ್ಟೋಣ. ಬೈಯೋದು ಆಮೇಲೆ. ನಂಬರ್ ಓದು."

ಮ್ಯಾನೇಜರ್ ಕೆಳಗಿನ ಮೀಟರಿನ ನಂಬರನ್ನು ಒಂದೊಂದಾಗಿ ಓದಿ ಫೋನಿನಲ್ಲಿ ಒತ್ತಿದಳು. ಲೈನ್‌ಮನ್ ತನ್ನ ಲಿಸ್ಟ್ ನೋಡಿ ಹೂಂ, ಹೂಂ ಎಂದ. ಪಿನ್ ಮಾತ್ರ ಅಮ್ಮ ತಾನೇ ಕಿರುಬೆರಳಿನಲ್ಲಿ ಒತ್ತಿದಳು.

ಪರದೆಯ ಮೇಲೆ ಪುಟ್ಟ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಮೇಲಿನಿಂದ ಕೇಕಿನ ಪರಿಮಳ ಇಳಿದು ಬಂತು.

ಟಿಂಗ್! ಹಸಿರು ಗುರುತು.

ಲೈನ್‌ಮನ್ ಆಫೀಸಿಗೆ ಫೋನ್ ಮಾಡಿ, ತಲೆಯಾಡಿಸಿ, ಪೆಟ್ಟಿಗೆಯ ಬಾಗಿಲು ಮುಚ್ಚಿದ. ಮ್ಯಾನೇಜರ್ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಎಷ್ಟು ಹಗುರ ಎನಿಸಿತೆಂದರೆ, ಸುಮ್ಮಸುಮ್ಮನೆ ನಗು ಬಂತು.

"ನಿಮ್ಮ ದುಡ್ಡು ಸಂಜೆಯೊಳಗೆ ತಂದ್ಕೊಡ್ತೀನಮ್ಮ," ಎಂದರು ತಾತ.

"ನಿಧಾನಕ್ಕೆ ಕೊಡಿ, ಎಲ್ಲಿಗೆ ಹೋಗ್ತೀರಿ," ಎಂದಳು ಅಮ್ಮ.

ತಾತ ಲೈನ್‌ಮನ್‌ನನ್ನು ಕಾಫಿಗೆ ಕೂರಿಸಿಕೊಂಡರು. ಅಷ್ಟರಲ್ಲಿ ಕೇಕ್ ಬೆಂದು ಚೆನ್ನಾಗಿ ಉಬ್ಬಿತ್ತು. ಅಮ್ಮ ಮೇಲಿನ ತುಂಡು ಕೊಯ್ದು ತಟ್ಟೆಗೆ ಹಾಕಿದಳು. "ಇವತ್ತು ನಿನ್ನ ಸಂಬಳ ಕಟ್. ಲೈನ್‌ಮನ್‌ಗೂ ತಾತನಿಗೂ ಕೊಟ್ಟು ಬಾ."

"ಕೆಲಸಾನೂ ಹೋಯ್ತಾ ಅಮ್ಮಾ?"

"ನಿನ್ನ ಕೆಲಸ ಹೋದ್ರೆ ನಂದೂ ಹೋಗ್ಬೇಕು ಕಣೇ. ದಿನಾ ಆ ಆನೆ ನೋಡಿ ನಗ್ತಿದ್ದೆ, ಒಂದು ಸಲಾನೂ ಕಾಗದ ತಿರುಗಿಸಿ ನೋಡ್ಲಿಲ್ಲ." ಅಮ್ಮ ಮೊಣಕೈಯಿಂದ ಅವಳನ್ನು ಮೆಲ್ಲಗೆ ತಳ್ಳಿದಳು. "ಹೋಗು, ಅವರು ಹೊರಟುಬಿಡ್ತಾರೆ."

ಮುಂದಿನ ತಿಂಗಳು ಸ್ಕೂಲಿನಿಂದ ಬರುವಾಗ ಮೀಟರ್ ಪೆಟ್ಟಿಗೆಗೆ ಹೊಸ ಬಿಲ್ ಸಿಕ್ಕಿಸಿತ್ತು. ಹಿಂದೆ ಒಳ್ಳೇ ಬಿಳಿ ಜಾಗ. ಮೆಟ್ಟಿಲ ಲೈಟು ಹಾಕಿ, ಅದನ್ನು ಹಿಡಿದು ಮೇಲೆ ಓಡಿದಳು.

"ಏಯ್, ಲೈಟು! ಬಿಲ್ಲೇನು ನಿಮ್ಮ..." ಕೆಳಗಿನಿಂದ ತಾತನ ಧ್ವನಿ ಕೇಳಿತು. ಅರ್ಧಕ್ಕೇ ನಿಂತು ಕೆಮ್ಮಾಯಿತು.

ಮ್ಯಾನೇಜರ್ ಕಿಸಕ್ಕನೆ ನಕ್ಕು ಇಳಿದು ಬಂದಳು. ಲೈಟು ಆರಿಸಿ ಮತ್ತೆ ಮೇಲೆ ಹೋದಳು. ಅಡುಗೆಮನೆಯಲ್ಲಿ ಕುಳಿತು ಬಣ್ಣದ ಪೆನ್ಸಿಲ್ ತೆಗೆದಳು.

"ದುಡ್ಡು ಹೋಯ್ತು ಅಂತ ಮೆಸೇಜ್ ಬಂದಿದೆ, ಮ್ಯಾನೇಜರ್," ಎಂದಳು ಅಮ್ಮ.

"ಒಂದ್ನಿಮಿಷ ಅಮ್ಮಾ."

ಅವಳು ಪೆನ್ಸಿಲ್ ಪಕ್ಕಕ್ಕಿಟ್ಟಳು. ಕಾಗದವನ್ನು ತಿರುಗಿಸಿ, ಬೆರಳಿಟ್ಟು, ಮೊದಲ ಸಾಲಿನಿಂದ ಓದತೊಡಗಿದಳು. ಇವತ್ತು ಬರೆಯಬೇಕೆಂದಿದ್ದ ಮೊಸಳೆ ಸ್ವಲ್ಪ ಹೊತ್ತು ಕಾಯಬಹುದಿತ್ತು.