ಸೆರಗು ಕೂಡಿಸಿದ ಸೀರೆ

“ಒಯ್ಯೂದಿದ್ರ ಒಯ್ಯಿರಿ ಸರ. ಸೆರಗ ಮಾತ್ರ ಕೂಡಸಬ್ಯಾಡ್ರಿ,” ಎಂದಳು ಸಾವಿತ್ರೆವ್ವ. “ಸೆರಗ ಕೂಡಿತಂದ್ರ ಅದು ಸೀರಿ ಆಗ್ತೈತಿ. ಸೀರಿ ಆತಂದ್ರ ಉಡಾಕ ಆಕಿ ಬರ್ತಾಳ.”

ಕೂಡಿಸುವುದಿಲ್ಲವೆಂದು ವಿಜಯೀಂದ್ರ ತಲೆ ಬಗ್ಗಿಸಿ ಮಾತು ಕೊಟ್ಟ. ತಲೆ ಬಗ್ಗಿಸಿದ್ದು ಗೌರವಕ್ಕಲ್ಲ, ನಗು ಕಾಣದಿರಲಿ ಎಂದು. ಇಳಕಲ್ಲಿನ ಕಾಲೇಜಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದು ಅವನಿಗೆ ಮೂರೇ ತಿಂಗಳು. ನಾಲ್ಕಕ್ಷರ ಕಲಿತವನಿಗೆ ಊರವರೆಲ್ಲ ದಡ್ಡರಾಗಿ ಕಾಣಲು ಅಷ್ಟು ಸಮಯ ಧಾರಾಳ ಸಾಕು.

ಅವನ ತಲೆಗೆ ಹೊಕ್ಕಿದ್ದು ಒಂದು ಹಳೆಯ ಸ್ಪ್ಯಾನಿಷ್ ಸಿನಿಮಾ. ಅದಕ್ಕಿಂತ ಹಳೆಯದೊಂದು ಕಾದಂಬರಿಯಿಂದ ತೆಗೆದದ್ದು: ಮದುವೆಗೆ ಮುಂಚೆಯೇ ಸತ್ತ ಹೆಣ್ಣು ಮದುವಣಗಿತ್ತಿಯ ಉಡುಪಿನಲ್ಲಿ ಅತಿಥಿಯಾಗಿ ಬಂದು, ಮನೆಮಗಳ ರಕ್ತ ಹೀರುತ್ತಾಳೆ. ಅದನ್ನು ಇಪ್ಪತ್ತು ನಿಮಿಷದ ಕನ್ನಡ ಚಿತ್ರ ಮಾಡಿ ಸ್ಪರ್ಧೆಗೆ ಕಳಿಸಬೇಕೆಂಬುದು ಅವನ ಹಟ. ರಕ್ತ ಹೀರುವವಳ ಪಾತ್ರಕ್ಕೆ ತಂಗಿ ಮಯೂರಿ ಇದ್ದಳು. ತಂದೆತಾಯಿ ಹೋದ ಮೇಲೆ ಅವನೇ ಜಡೆ ಹೆಣೆದು, ತುತ್ತು ಕೊಟ್ಟು ಬೆಳೆಸಿದ ಹುಡುಗಿ. ಅಣ್ಣ ಹೇಳಿದರೆ ಬಾವಿಗೂ ಇಳಿಯುವವಳು. ಇನ್ನು ಬೇಕಾದದ್ದು ಸೀರೆ. ಅದು ಸಾವಿತ್ರೆವ್ವನ ಮಗ್ಗದ ಮನೆಯ ತೊಲೆಗೆ ಏಳು ವರ್ಷದಿಂದ ತೂಗುತ್ತಿತ್ತು.

ಮಗಳು ಬಸವೇಶ್ವರಿಯ ಮದುವೆಗೆಂದು ಸಾವಿತ್ರೆವ್ವ ತಾನೇ ನೇಯ್ದ, ಸೆರಗಿಲ್ಲದ ಕಡುನೀಲಿ ಒಡಲು ಅದು. ಇಳಕಲ್ಲಿನಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ಹಾಕುವ ಹಿಂದಿನ ದಿನ ಹುಡುಗಿ ಜ್ವರದಲ್ಲಿ ಹೋದಳು. ಸತ್ತವರ ಸೀರೆಗೆ ಸೆರಗು ಕೂಡಿಸಬಾರದೆಂಬುದು ಆ ಓಣಿಯ ಕಟ್ಟಳೆ. ಮಗಳ ಸೀರೆಯನ್ನು ನಾಲ್ಕು ಜನ ನೋಡಲಿ ಎಂಬ ಆಸೆಗೆ ತಾಯಿ ಅದನ್ನು ಇಳಿಸಿ ಕೊಟ್ಟಳು.

ವಿಜಯೀಂದ್ರ ಅಲ್ಲಿಂದ ನೇರ ಹೋದದ್ದು ಊರಾಚೆಯ ಲಾಡಸಾಬನ ಮಗ್ಗಕ್ಕೆ. ಸೆರಗಿಲ್ಲದ ಸೀರೆ ಕ್ಯಾಮೆರಾದ ಮುಂದೆ ಏನು ಚೆಂದ? ಮುದುಕ ಮೊದಲ ಎಳೆಯನ್ನು ಬೆರಳಲ್ಲಿ ಹಿಡಿದು, ಯಾರ ಸೀರೆ ಎಂದು ಕೇಳಿದ. ಉಡುವವಳ ಹೆಸರು ಹೇಳದೆ ಅವನ ಮನೆತನದಲ್ಲಿ ಕೊಂಡಿ ಹಾಕಿದವರಿಲ್ಲ. ನಿಜ ಹೇಳಿದ್ದರೆ ಮುದುಕ ಅಲ್ಲಿಗೇ ಕೈಬಿಡುತ್ತಿದ್ದ. ವಿಜಯೀಂದ್ರ ತಂಗಿಯ ಹೆಸರು ಹೇಳಿದ. ಲಾಡಸಾಬ ಮಯೂರಿ, ಮಯೂರಿ ಎನ್ನುತ್ತ ಸಾವಿರಾರು ಎಳೆ ಕೂಡಿಸಿ, ಬಿಳಿ ತೆನೆಗಳ ಚಿತ್ತಾರವಿದ್ದ ಕೆಂಪು ಸೆರಗು ನೇಯ್ದು ಕೊಟ್ಟ.

ಚಿತ್ರೀಕರಣ ಬಾದಾಮಿಯ ಗುಡ್ಡದ ಮೇಲೆ, ನಡುಮಧ್ಯಾಹ್ನ. ಕಾದ ಕೆಂಪು ಬಂಡೆಯ ಸಂದಿಯಿಂದ ಬಾವಲಿಯ ಹಿಕ್ಕೆಯ ನಾತ. ಬಿಸ್ಕೀಟಿಗಾಗಿ ಮೈಮೇಲೆ ಬೀಳುವ ಅಲ್ಲಿನ ಮಂಗಗಳು ಮಯೂರಿಯನ್ನು ಕಂಡದ್ದೇ ಮರಿಗಳನ್ನು ಅವಚಿಕೊಂಡು ಮೇಲಕ್ಕೇರಿ ಕುಳಿತವು. ಸೀರೆ ಹಸಿ ಮಣ್ಣಿನ ಹಾಗೆ ತಣ್ಣಗಿದೆ, ಸಾಕು ಎಂದಳು ಅವಳು. ಇನ್ನೊಂದೇ ಸಲ ನಡಿ ಎಂದ ಇವನು. ಆ ಸಲ ಪ್ರಜ್ಞೆ ತಪ್ಪಿ ಬಿದ್ದಳು. ಆಮೇಲೆ ಚಿತ್ರ ತಿರುಗಿಸಿ ನೋಡಿದರೆ ನೆರಿಗೆ ಚಿಮ್ಮುತ್ತ ಸೀರೆ ನಡೆಯುತ್ತಿತ್ತು, ಸೀರೆಯೊಳಗೆ ಯಾರೂ ಇರಲಿಲ್ಲ. ಅವನು ಅದನ್ನು ಅಳಿಸಿಹಾಕಿದ.

ಬಾಗಲಕೋಟೆಯ ದವಾಖಾನೆಯಲ್ಲಿ ಮೈಯಲ್ಲಿ ರಕ್ತವಿಲ್ಲ ಎಂದರು. ಎರಡು ಬಾಟಲಿ ಏರಿಸಿದರು. ಬೆಳಗಾಗುವುದರೊಳಗೆ ಅದೂ ಇಲ್ಲ. ಎಲ್ಲಿ ಸೋರುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ, ಅವನೊಬ್ಬನನ್ನು ಬಿಟ್ಟು. ಮಂಚದ ಕೆಳಗಿನ ಚೀಲದಲ್ಲಿ ಸೀರೆಯ ಬಿಳಿ ತೆನೆಗಳು ದಿನಕ್ಕಿಷ್ಟು ಕೆಂಪಾಗುತ್ತಿದ್ದವು. ಚೀಲ ದಿನಕ್ಕಿಷ್ಟು ಭಾರವಾಗುತ್ತಿತ್ತು. ಅದರಲ್ಲೇನಿದೆ ಎಂದು ನರ್ಸ್ ಸುಮ್ಮನೆ ಕೇಳಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಾಲಿನಿಂದ ಒಳಗೆ ತಳ್ಳಿದ. ನಾಚಿಕೆ ಅವನನ್ನು ತಿನ್ನುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ನಾಲ್ಕು ದಿನ ಹಾಗೇ ಕಳೆದ.

ಐದನೆಯ ದಿನ ಒಂದೇ ತೆನೆ ಬೆಳ್ಳಗಿತ್ತು. ಚೀಲ ಹೊತ್ತು ಲಾಡಸಾಬನಲ್ಲಿಗೆ ಓಡಿ ಎಲ್ಲ ಒಪ್ಪಿಕೊಂಡ. ಮುದುಕ ಕೆಂಪಾದ ತೆನೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದ.

“ನನ್ನ ಕೈಲೆ ಏನ ಮಾಡಿಸಿದ್ರಿ ಸರ? ಆಕಿ ತಾಯಿ ಕಡೆ ಹೋಗ್ರಿ. ತಾಯಿ ಮಗಳ ಹೆಸರ ಹಿಡದು ಹೊಳ್ಳಿ ಕಳಸಬೇಕು, ಆಮ್ಯಾಲ ಕೊಂಡಿ ಕತ್ತರಸಬೇಕು. ಅವಸರ ಮಾಡಬ್ಯಾಡ್ರಿ. ಕಡೀ ತೆನಿ ಕೆಂಪಾತಂದ್ರ ಉಟ್ಟಾಕಿ ಜೀವನೂ ಸೀರಿಗೆ ಇಳೀತೈತಿ. ಆಕಿನ್ನ ಕಳಸದನ ಕತ್ತರಿಸಿದ್ರ ಆ ಹೊತ್ತಿಗೆ ಸೀರಿಯೊಳಗ ಯಾರ ಇರ್ತಾರ, ಅವರ ಹೋಗ್ತಾರ.”

ಸಾವಿತ್ರೆವ್ವನ ಮಗ್ಗದ ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅವಳು ಬೈಯಲಿಲ್ಲ. ಸೀರೆಯನ್ನು ಚೀಲದಿಂದ ತೆಗೆದು, ಎದೆಗೊತ್ತಿ, ಮಗ್ಗದ ಮುಂದೆ ಹಾಸಿದಳು. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಯ ನಡುವೆ ರಕ್ತದ ಬಿಸಿ ವಾಸನೆ ಎದ್ದಿತು. ಕರೆಂಟು ಹೋಯಿತು. ಕತ್ತಲಲ್ಲಿ ಬಟ್ಟೆ ಸರಸರ ಎಂದಿತು. ನೆರಿಗೆ ಕೂಡಿದವು. ಮಡಿಕೆ ತುಂಬಿಕೊಂಡವು. ಯಾರೋ ಕುಳಿತಿದ್ದರು, ಅವನಿಗೆ ಬೆನ್ನು ಮಾಡಿ. ಸಾವಿತ್ರೆವ್ವ ಹಣಿಗೆ ತಂದು ಆ ತಲೆ ಬಾಚತೊಡಗಿದಳು.

ಹೆಸರು ಹಿಡಿದು ಕಳಿಸವ್ವ, ನನ್ನ ತಂಗಿ ಸಾಯುತ್ತಾಳೆ ಎಂದು ಅವನು ಕಾಲು ಹಿಡಿದ.

“ಒಮ್ಮಿ ಮಣ್ಣ ಕೊಟ್ಟೇನಿ,” ಎಂದಳು ಅವಳು. “ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ.”

ದವಾಖಾನೆಯಿಂದ ಫೋನು ಬಂತು. ಉಸಿರು ನಿಲ್ಲುತ್ತಿದೆ, ಬೇಗ ಬನ್ನಿ. ಮಗ್ಗದ ಮೇಲೆ ಕತ್ತರಿ ಇತ್ತು. ಕೈಗೆ ಸಿಕ್ಕಿತು. ಸೆರಗು ಹಿಡಿದ. ಅದು ಬೆಚ್ಚಗಿತ್ತು. ಕುಳಿತವಳು ಕುತ್ತಿಗೆ ತಿರುಗಿಸಿದಳು. ಅವನು ಕಣ್ಣು ಮುಚ್ಚಿದ. ಕತ್ತರಿಸಿದ. ಎಳೆಗಳು ನರ ಹರಿದಂತೆ ಹರಿದವು. ಕೈ ಒದ್ದೆಯಾಯಿತು. ಕತ್ತರಿಸಿದ. ಕತ್ತರಿಸಿದ. ಕಣ್ಣು ತೆರೆದಾಗ ಸಾವಿತ್ರೆವ್ವನ ತೋಳಲ್ಲಿ ಬರೀ ಬಟ್ಟೆ ಇತ್ತು.

ತಂಗಿ ಉಸಿರಾಡುತ್ತಿದ್ದಾಳೆ ಎಂದು ಮತ್ತೆ ಫೋನು ಬಂತು. ಅವನು ಕತ್ತರಿ ಕೆಳಗಿಟ್ಟು ಅತ್ತ.

ಮರುದಿನ ಬೆಳಿಗ್ಗೆ ಸೀರೆಯನ್ನು ಮಗಳ ಮಗ್ಗುಲಲ್ಲೇ ಮಣ್ಣು ಮಾಡಿದರು. ಓಣಿಯವರು ಬಂದಿದ್ದರು. ಮೊದಲ ಹಿಡಿ ಮಣ್ಣು ನೀವೇ ಹಾಕಬೇಕು ಎಂದಳು ಸಾವಿತ್ರೆವ್ವ. ಅವನು ಬಗ್ಗಿದ. ಕುಣಿಯೊಳಗೆ ವಿಭೂತಿ, ಪತ್ರಿ, ಮಡಿಸಿದ ನೀಲಿ. ಅದರ ಅಡಿಯಿಂದ ಸಣ್ಣ ದನಿ ಬಂತು.

“ಅಣ್ಣಾ, ನಾ ಇಲ್ಲಿದ್ದೇನಿ.”

ಸುತ್ತ ಯಾರಿಗೂ ಕೇಳಿಸಿದಂತಿರಲಿಲ್ಲ. ನಿಲ್ಲಿಸಿ ಎನ್ನಬಹುದಿತ್ತು. ಎಂದರೆ ಕೊಟ್ಟ ಮಾತು, ಆಡಿದ ಸುಳ್ಳು, ಅಳಿಸಿದ ಚಿತ್ರ, ಎಲ್ಲವನ್ನೂ ಆ ಜನರೆದುರು ಬಿಚ್ಚಬೇಕಿತ್ತು. ತಂಗಿ ದವಾಖಾನೆಯಲ್ಲಿ ಬದುಕಿದ್ದಾಳಲ್ಲ, ಇದು ನಿದ್ದೆಗೆಟ್ಟ ಕಿವಿಯ ಭ್ರಮೆ ಎಂದುಕೊಂಡ. ಮಣ್ಣು ಹಾಕಿದ. ದನಿ ಮತ್ತೊಮ್ಮೆ ಕರೆಯಿತು. ಎರಡೂ ಕೈಯಲ್ಲಿ ಬಾಚಿ ಬಾಚಿ ಹಾಕಿದ.

ದವಾಖಾನೆಗೆ ಬಂದಾಗ ಮಯೂರಿ ಮಂಚದ ಮೇಲೆ ಎದ್ದು ಕುಳಿತಿದ್ದಳು. ಕೆನ್ನೆ ತುಂಬಿತ್ತು, ತುಟಿ ಕೆಂಪಗಿತ್ತು. ಅವನ ಉಗುರಿನ ಮಣ್ಣು ನೋಡಿ, ಹೊಸಬರನ್ನು ಕಂಡವಳ ಹಾಗೆ ಸಂಕೋಚದಿಂದ ಹೊದಿಕೆ ಸರಿಮಾಡಿಕೊಂಡಳು.

“ಮಣ್ಣಿಗೆ ಹೋಗಿದ್ರೇನ್ರಿ?” ಎಂದಳು. “ನಮ್ಮವ್ವ ಭಾಳ ಅತ್ತಳೇನ್ರಿ?”