ಖಾಲಿ ಮೇಷ್ಟ್ರ ಗೋಡೆ

ಅವನು ಅವಳ ಪೋಸ್ಟರನ್ನು ತಲೆಕೆಳಗು ಮಾಡಿ ಗೋಡೆಗೆ ಚುಚ್ಚಿದ.

ಮೊದಲ ದಿನ, ಇಡೀ ತರಗತಿಯ ಎದುರು, ಒಂದು ಮಾತೂ ಕೇಳದೆ...

ಅವಳ ಕಿವಿ ಕೆಂಪಾಯಿತು. ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ಕೂತು ಮದುವೆ ಕಾರ್ಡು, ಅಂಗಡಿಗಳ ಹ್ಯಾಂಡ್‌ಬಿಲ್ಲು, ಕ್ಯಾಲೆಂಡರು ಎಂದು ರಾಶಿ ರಾಶಿ ಕೆಲಸ ಮಾಡಿದವಳು ಅವಳು. ಗ್ರಾಫಿಕ್ ಡಿಸೈನಿನ ಈ ತರಗತಿಗೆ ಸೇರಿದ್ದು ಸರ್ಟಿಫಿಕೇಟು ಒಂದಿರಲಿ ಎಂದೇ ಹೊರತು, ಕಲಿಯುವುದು ಬಹಳ ಇದೆ ಎಂದಲ್ಲ. ದುಡಿಯುವವರಿಗೆಂದೇ ನಡೆಯುತ್ತಿದ್ದ ಶನಿವಾರದ ತರಗತಿ ಅದು. ಆರು ತಿಂಗಳು, ಅವಳೂ ಸೇರಿ ಹನ್ನೆರಡು ಜನ.

"ಸರ್, ಅದು ತಲೆಕೆಳಗಾಗಿದೆ," ಎಂದಳು ಹಲ್ಲು ಕಚ್ಚಿಕೊಂಡು.

"ಗೊತ್ತು. ನೆಟ್ಟಗೆ ಹಾಕಿದ್ರೆ ಎಲ್ಲರೂ ಓದೋಕೆ ಶುರು ಮಾಡ್ತಾರೆ, ನೋಡಲ್ಲ. ಈಗ ಹೇಳಿ, ಕಣ್ಣು ಮೊದಲು ಎಲ್ಲಿಗೆ ಹೋಯ್ತು?"

ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರ ಕಣ್ಣು ಹೂವಿನ ಅಂಚಿಗೆ ಹೋಗಿತ್ತು, ಒಬ್ಬರದು ಹಳದಿ ನಕ್ಷತ್ರಕ್ಕೆ, ಇನ್ನೊಬ್ಬರದು ಮೂಲೆಯ ಫೋನ್ ನಂಬರಿಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಟೈಲರ್ ಅಕ್ಕ, ನನಗಂತೂ ಸಂತೆ ಮಧ್ಯದಲ್ಲಿ ದಾರಿ ತಪ್ಪಿದ ಹಾಗಾಯ್ತು ಎಂದುಬಿಟ್ಟಳು. ತರಗತಿಯೆಲ್ಲ ನಕ್ಕಿತು.

ಅವನು ನಗಲಿಲ್ಲ. ಜೇಬಿನಿಂದ ಬಿಳಿ ಕಾಗದದ ಚೂರುಗಳನ್ನು ತೆಗೆದು ಪೋಸ್ಟರಿನ ಒಂದೊಂದೇ ಭಾಗವನ್ನು ಮುಚ್ಚುತ್ತಾ ಹೋದ. ಹೂವು ಹೋಯಿತು, ನಕ್ಷತ್ರ ಹೋಯಿತು, ಎರಡು ಬಣ್ಣ ಹೋದವು. ಕೊನೆಗೆ ಒಂದೇ ಒಂದು ಸಾಲು ಉಳಿಯಿತು.

"ನಿಮಗೆ ಹೇಳೋದಿದ್ದಿದ್ದು ಇಷ್ಟೇ ಅಲ್ವಾ?" ಎಂದ ಮೆಲ್ಲಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಷ್ಟು ಮೃದುವಾಗಿ ಹೇಳಿದ್ದಕ್ಕೇ ಅವಳಿಗೆ ಅಳು ಬಂತು.

*ಇನ್ನು ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ* ಎಂದುಕೊಂಡು ಮನೆಗೆ ಹೋದಳು. ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು ಎನ್ನುವುದು ಬೇರೆ ಮಾತು.

ಅವನ ಮಾತು ಯಾವಾಗಲೂ ಒಂದೇ. ಎಲ್ಲವೂ ಕೂಗಿದರೆ ಏನೂ ಕೇಳಿಸುವುದಿಲ್ಲ. ಮುಖ್ಯವಾದದ್ದು ಯಾವುದು ಎಂದು ಮೊದಲು ನೀವೇ ತೀರ್ಮಾನಿಸಿ. ಒಂದಕ್ಕೊಂದು ಸಂಬಂಧವಿರುವುದನ್ನು ಹತ್ತಿರ ಇಡಿ, ಇಲ್ಲದ್ದನ್ನು ದೂರ ಇಡಿ. ಉಳಿದ ಜಾಗವನ್ನು ಖಾಲಿ ಬಿಡಿ, ಹೆದರಬೇಡಿ. ಈ ಕೊನೆಯ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದರಿಂದ ಟೈಲರ್ ಅಕ್ಕ ಅವನಿಗೆ ಖಾಲಿ ಮೇಷ್ಟ್ರು ಎಂದು ಹೆಸರಿಟ್ಟಳು. ಅದು ಅವನ ಕಿವಿಗೂ ಬಿದ್ದು, ಅವನೂ ಅದನ್ನು ಒಪ್ಪಿಕೊಂಡ.

ಪ್ರೆಸ್ಸಿನಲ್ಲಿ ಅಪ್ಪ ಒಪ್ಪಲಿಲ್ಲ. ಖಾಲಿ ಬಿಡುವುದಾದರೆ ಕಾಗದವಾದರೂ ಯಾಕೆ ಎನ್ನುವುದು ಅವರ ವಾದ. ಅವರ ಲೋಕದಲ್ಲಿ ಅಕ್ಷರ ದೊಡ್ಡದಾದಷ್ಟೂ ಮರ್ಯಾದೆ ದೊಡ್ಡದು. ಒಮ್ಮೆ ಒಂದು ಮದುವೆ ಕಾರ್ಡಿನಲ್ಲಿ ಹುಡುಗನ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ, ದೊಡ್ಡಪ್ಪ ಮದುವೆಗೇ ಬರದೆ, ಮೂರು ವರ್ಷ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಆ ಕಾರ್ಡನ್ನು ಜೋಡಿಸಿದ್ದವಳು ಇವಳೇ. ಅಂದಿನಿಂದ ಎಲ್ಲರ ಹೆಸರನ್ನೂ ಸ್ಕೇಲು ಹಿಡಿದು ಅಳೆಯುತ್ತಿದ್ದಳು.

ಒಂದು ದಿನ ಅವನೇ ಪ್ರೆಸ್ಸಿಗೆ ಬಂದ. ಅವನು ಮಾಡಿದ್ದ ಪ್ರಕಟಣೆಯೊಂದು ಬೇರೆಲ್ಲೋ ಅಚ್ಚಾಗಿ, ಅಂಚಿನ ಸಾಲಿನ ಕೊನೆಯ ಅಕ್ಷರಗಳೇ ಕತ್ತರಿಸಿ ಹೋಗಿದ್ದವು. ಹೀಗೇಕಾಯಿತು ಎಂದು ಅವಳನ್ನು ಕೇಳಿದ. ಅವಳು ಕಟಿಂಗ್ ಮೆಷಿನ್ ಮುಂದೆ ನಿಲ್ಲಿಸಿ, ಕಾಗದದ ಕಟ್ಟು ಬ್ಲೇಡಿನ ಕೆಳಗೆ ಹೇಗೆ ಒಂದಿಷ್ಟು ಸರಿಯುತ್ತದೆ, ಅದಕ್ಕಾಗಿ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಎಂದು ತೋರಿಸಿದಳು. ಅವನು ಪುಟ್ಟ ನೋಟ್‌ಬುಕ್ ತೆಗೆದು, ಶಾಲೆಯ ಮಕ್ಕಳ ಹಾಗೆ ಒಂದೂ ಬಿಡದೆ ಬರೆದುಕೊಂಡ.

"ಇಷ್ಟು ವರ್ಷ ಪಾಠ ಮಾಡಿದ್ದೀನಿ, ಇದು ಗೊತ್ತೇ ಇರ್ಲಿಲ್ಲ," ಎಂದ ಯಾವ ಸಂಕೋಚವೂ ಇಲ್ಲದೆ.

ತನಗೆ ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಎದೆಯೊಳಗೆ ಏನೋ ಸಡಿಲವಾಯಿತು. ಅವನು ಹೋದ ಮೇಲೆ ಒಂದೇ ಕಾರ್ಡಿನ ಕಟ್ಟನ್ನು ಮೂರು ಸಲ ಎಣಿಸಿದಳು.

ಐದನೇ ತಿಂಗಳಲ್ಲಿ ಅವನು ಕೊನೆಯ ಕೆಲಸ ಕೊಟ್ಟ. ನಿಮ್ಮ ಮನೆಯ ಒಂದು ಹೊತ್ತನ್ನು ತೋರಿಸಬೇಕು. ಕಪ್ಪು ಕಾಗದ, ಕತ್ತರಿ, ಅಂಟು, ಇಷ್ಟೇ. ಅಕ್ಷರವಿಲ್ಲ, ಮುಖವಿಲ್ಲ, ಬಣ್ಣವಿಲ್ಲ. ಎಲ್ಲರದನ್ನೂ ಪ್ರದರ್ಶನಕ್ಕಿಡಲಾಗುವುದು, ಅದರೊಂದಿಗೆ ತರಗತಿ ಮುಗಿಯುತ್ತದೆ.

ಮುಗಿಯುತ್ತದೆ! ಆ ಒಂದು ಮಾತು ಅವಳಿಗೆ ಚುಚ್ಚಿತು. ಆಮೇಲೆ ಶನಿವಾರ ಬರುತ್ತದೆ, ಹೋಗುತ್ತದೆ. ಅವನನ್ನು ನೋಡಲು ಒಂದು ನೆಪವೂ ಇರುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಮನಸ್ಸು ಬಿಚ್ಚಿ ಹೇಳದವಳು, ಪ್ರದರ್ಶನದ ದಿನ ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು.

ಕೆಲಸಕ್ಕೆ ಅವಳು ಆರಿಸಿಕೊಂಡದ್ದು ಊಟದ ಹೊತ್ತು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪ ಈಗಲೂ ಮೇಜಿನ ಆ ತುದಿಯಲ್ಲೇ ಕೂರುತ್ತಿದ್ದರು. ಎದುರಿನ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

ಪ್ರೆಸ್ಸಿನಲ್ಲಿ ಉಳಿದಿದ್ದ ಅಂಗೈಯಗಲದ ಬಿಳಿ ಕಾರ್ಡೊಂದನ್ನು ತೆಗೆದುಕೊಂಡಳು. ಮೇಜಿಗೆಂದು ಉದ್ದನೆಯ ಕಪ್ಪು ಪಟ್ಟಿ ಅಂಟಿಸಿದಳು. ಒಂದು ತುದಿಯಲ್ಲಿ ಅಪ್ಪ, ಚಿಕ್ಕ ಚೌಕ. ಇನ್ನೊಂದು ತುದಿಗೆ ಅಮ್ಮನೆಂದು ಒಂದು ಚೌಕ ಇಟ್ಟಳು. ಸರಿಯೆನಿಸಲಿಲ್ಲ. ಚಿಕ್ಕದು ಮಾಡಿದಳು, ಓರೆ ಮಾಡಿದಳು, ಕೊನೆಗೆ ತೆಗೆದೇಬಿಟ್ಟಳು.

ಕೈ ಅಲ್ಲೇ ನಿಂತಿತು. ಏನೂ ಇಲ್ಲದ ಆ ಬಿಳಿ ಜಾಗದಲ್ಲಿ ಅಮ್ಮ ಇದ್ದಳು. ಮಗಳು ಕತ್ತರಿ ಕೆಳಗಿಟ್ಟು, ಸದ್ದಾಗದ ಹಾಗೆ ಬಹಳ ಹೊತ್ತು ಅತ್ತಳು.

ತರಗತಿಯಲ್ಲಿ ಅದನ್ನು ತೋರಿಸಿದಾಗ ಟೈಲರ್ ಅಕ್ಕ ಕರ್ಚೀಫು ಹುಡುಕಿದಳು. ಅವನು ತುಂಬ ಹೊತ್ತು ನೋಡಿದ. ಇನ್ನು ಇದನ್ನ ಮುಟ್ಟಬೇಡಿ, ಎಂದಷ್ಟೇ ಹೇಳಿ ಕಾರಿಡಾರಿಗೆ ಹೋಗಿ ನಿಂತುಬಿಟ್ಟ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. *ಇವರಿಗೆ ಅರ್ಥವಾಯಿತು... ನಾನು ಹೇಳದೆಯೇ ಅರ್ಥವಾಯಿತು* ಎಂದು ಅವಳ ಜೀವ ಹಗುರವಾಯಿತು.

ಪ್ರದರ್ಶನದ ಹಿಂದಿನ ದಿನ, ಚಿತ್ರಗಳ ಪಕ್ಕ ಹಾಕಲು ಪ್ರೆಸ್ಸಿನಲ್ಲಿ ಅಚ್ಚು ಮಾಡಿದ ಹೆಸರಿನ ಕಾರ್ಡುಗಳನ್ನು ಕೊಡಲೆಂದು ಹೋದವಳು ಅವನ ಮೇಜಿನ ಮೇಲಿದ್ದ ನಕ್ಷೆಯನ್ನು ನೋಡಿದಳು.

ಯಾವ ಗೋಡೆಗೆ ಯಾರ ಕೆಲಸ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ. ಬಾಗಿಲಿನ ಬಲಕ್ಕಿದ್ದ ಗೋಡೆಯ ಮೇಲೆ ಸಾಲಾಗಿ ಹನ್ನೊಂದು ದೊಡ್ಡ ಚೌಕಟ್ಟುಗಳು. ಅವಳದು ಅಲ್ಲಿರಲಿಲ್ಲ. ಎದುರಿನ ಉದ್ದನೆಯ ಗೋಡೆಯ ಕೊನೆಯಲ್ಲಿ, ಕೆಳಗಡೆ, ಛತ್ರಿ ಇಡುವ ಡಬ್ಬದ ಹತ್ತಿರ ಉಗುರಿನಷ್ಟು ಒಂದು ಚುಕ್ಕೆಯಿತ್ತು. ಪಕ್ಕದಲ್ಲಿ ಅವಳ ಹೆಸರು.

ಉಳಿದವರೆಲ್ಲ ಪಂಕ್ತಿಯಲ್ಲಿ, ಅವಳೊಬ್ಬಳು ಛತ್ರಿಗಳ ಜೊತೆ ಮೂಲೆಯಲ್ಲಿ! ಸ್ಕೇಲು ಹಿಡಿದು ಮರ್ಯಾದೆ ಅಳೆದವಳ ಕಣ್ಣಿಗೆ ಬೇರೆ ಏನು ತಾನೇ ಕಂಡೀತು? ಆರು ತಿಂಗಳಲ್ಲಿ ಕಲಿತದ್ದೆಲ್ಲ ಆ ಗಳಿಗೆಗೆ ಮರೆತುಹೋಗಿ, ಆ ದೊಡ್ಡಪ್ಪನ ಸಂಕಟವೊಂದೇ ಅವಳಿಗೆ ಚೆನ್ನಾಗಿ ಅರ್ಥವಾಯಿತು.

ಅವನು ಒಳಗೆ ಬಂದ. ನನ್ನದು ಯಾಕೆ ಅಲ್ಲಿ ಎಂದು ಕೇಳಿದಳು. ಅವನಿಗೊಂದು ಹಟವಿತ್ತು: ನೋಡುವ ಮೊದಲು ಯಾರಿಗೂ ಏನನ್ನೂ ವಿವರಿಸಬಾರದು. ನಾಳೆ ಬಂದು ನೋಡಿ, ಎಂದ.

"ನೋಡೋದೇನಿದೆ ಸರ್... ನಿಮಗೆ ಹಿಡಿಸದಿದ್ರೆ ಅವತ್ತೇ ಬಾಯ್ಬಿಟ್ಟು ಹೇಳಬಹುದಿತ್ತು. ಅದು ನಮ್ಮಪ್ಪ. ಅವರನ್ನ ಛತ್ರಿ ಡಬ್ಬದ ಹತ್ರ ಕೂರಿಸೋದು ಬೇಕಿರ್ಲಿಲ್ಲ."

ಅವನ ಮುಖ ಬಿಳುಚಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.

ಮರುದಿನ ಅವಳು ಹೋಗಲಿಲ್ಲ. ಪ್ರೆಸ್ಸಿನಲ್ಲಿ ಕೂತು ಯಾರದೋ ಮದುವೆಯ ಕಾರ್ಡು ಮಡಚುತ್ತಿದ್ದಳು. ಯಾರದೋ ಮದುವೆ! ಹೇಳಬೇಕೆಂದು ಕಟ್ಟಿಟ್ಟುಕೊಂಡ ಮಾತುಗಳೆಲ್ಲ ಹಾಗೇ ಉಳಿದವು. *ಆಯಿತು, ಇಲ್ಲಿಗೆ ಮುಗಿಯಿತು* ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಕಣ್ಣು ತುಂಬಿ ಬರುತ್ತಿತ್ತು.

ಕರೆದ ಮೇಲೆ ಮನೆಯಿಂದ ಒಬ್ಬರಾದರೂ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಒಂದು ಗಂಟೆಯ ಮೇಲೆ ವಾಪಸ್ಸು ಬಂದವರು ಚಪ್ಪಲಿ ಕೂಡ ಬಿಡದೆ ಸ್ಟೂಲಿನ ಮೇಲೆ ಕೂತರು. ಮೆಷಿನ್ ನಿಲ್ಲಿಸು ಎಂದು ಕೈಸನ್ನೆ ಮಾಡಿದರು.

"ಆ ಕಡೆ ದೊಡ್ಡ ದೊಡ್ಡ ಚಿತ್ರ ಇದ್ವು ಮಗಳೇ. ನಾನು ಅವನ್ನ ನೋಡ್ಲೇ ಇಲ್ಲ. ಒಳಗೆ ಕಾಲಿಟ್ಟ ತಕ್ಷಣ ಕಾಲು ಸೀದಾ ನಿನ್ನದ್ರ ಹತ್ರ ಹೋಯ್ತು. ಅಷ್ಟುದ್ದ ಗೋಡೆ... ಅದೊಂದೇ ಇತ್ತು ಕಣಮ್ಮ ಅಲ್ಲಿ."

ಅವಳು ಕಾರ್ಡು ಕೆಳಗಿಟ್ಟಳು.

"ಅದು ನಾನೇ ಅಲ್ವಾ?" ಎಂದರು ಅಪ್ಪ. "ಆ ಕಡೆ ನಿಮ್ಮಮ್ಮ."

"ಹೂಂ ಅಪ್ಪ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅಲ್ಲಿ ಬಗ್ಗಿ ನೋಡುವಾಗ ಕಣ್ಣು ಮಂಜಾಗಿ, ಗೋಡೆ ಹಿಡಿದುಕೊಂಡು ನಿಂತಿದ್ದರಂತೆ. ಮೇಷ್ಟ್ರು ಬಂದು ಪಕ್ಕದಲ್ಲಿ ಸುಮ್ಮನೆ ನಿಂತರಂತೆ. ಮಗಳೇಕೆ ಬರಲಿಲ್ಲ ಎಂದು ಮಾತ್ರ ಮೂರು ಸಲ ಕೇಳಿದರಂತೆ.

"ಇದನ್ನ ನಾನು ಮಡಚ್ತೀನಿ. ನೀನು ಹೋಗು," ಎಂದು ಕಾರ್ಡಿನ ಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು.

ಅವಳು ಹೋದ ಬಗೆಯನ್ನು ಓಡಿದಳು ಎಂದೇ ಹೇಳಬೇಕು. ತಲೆ ಬಾಚಲಿಲ್ಲ, ಕೈಗೆ ಹತ್ತಿದ ಶಾಯಿ ತೊಳೆಯಲಿಲ್ಲ.

ಹಾಲಿನಲ್ಲಿ ಜನರಿದ್ದರು. ಬಲಗಡೆ ಹನ್ನೊಂದು ಚಿತ್ರಗಳು ಒತ್ತೊತ್ತಾಗಿ ಒಂದನ್ನೊಂದು ಮಾತಾಡಿಸುತ್ತಿದ್ದವು, ಚೆನ್ನಾಗಿಯೇ ಇದ್ದವು. ಆದರೆ ಅವಳ ಕಣ್ಣು ಅಲ್ಲಿ ನಿಲ್ಲಲಿಲ್ಲ. ಬಿಳಿಯ ಗೋಡೆ ಉದ್ದಕ್ಕೂ ಹೋಗಿ, ಕಣ್ಣನ್ನು ತನ್ನ ಜೊತೆಗೇ ಕರೆದುಕೊಂಡು ಹೋಗಿ, ಕೊನೆಯಲ್ಲಿ ಆ ಚಿಕ್ಕ ಕಾರ್ಡಿನ ಮುಂದೆ ನಿಲ್ಲಿಸಿತು. ಊಟದ ಮೇಜಿನ ಮುಂದೆ ಕೂತ ಮನುಷ್ಯನ ಕಣ್ಣಿನ ಮಟ್ಟಕ್ಕೆ ಅದನ್ನು ಇಟ್ಟಿದ್ದ. ನೋಡಬೇಕಾದವರು ಬಗ್ಗಲೇಬೇಕಿತ್ತು. ಛತ್ರಿ ಡಬ್ಬವನ್ನು ಯಾರೋ ಅಲ್ಲಿಂದ ತೆಗೆದಿದ್ದರು.

ಅಪ್ಪನ ಒಂಟಿತನಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನೂ ಅವನು ಕೊಟ್ಟಿದ್ದ. ಅವಳಿಗೆ ನಾಚಿಕೆಯಾಯಿತು, ಸಂತೋಷವಾಯಿತು, ಎರಡೂ ಒಟ್ಟಿಗೆ.

ಟೈಲರ್ ಅಕ್ಕ ಬಂದು, ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ, ಮೇಷ್ಟ್ರು ಬಾಗಿಲು ನೋಡಿ ನೋಡಿ ಕತ್ತು ಉಳುಕಿಸಿಕೊಂಡಿದ್ದಾರೆ ಎಂದು ಗೊಣಗಿ, ಅಲ್ಲಿಂದ ಬೇಕೆಂದೇ ದೂರ ಹೋದಳು.

ಅವನು ಬಂದು ಅವಳ ಪಕ್ಕ ನಿಂತ.

"ನಿನ್ನೆ ಹೇಳಬೇಕಿತ್ತು ನಾನು," ಎಂದ. "ನನ್ನ ಹಟಕ್ಕೆ ನಿಮ್ಮನ್ನ ನೋಯಿಸಿಬಿಟ್ಟೆ. ತಪ್ಪಾಯ್ತು."

"ತಪ್ಪು ನಂದು. ಗೋಡೆ ನೋಡದೆ ನಕ್ಷೆಯನ್ನ ಅಳೆದೆ."

ಆಮೇಲೆ ಅವಳು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ಕೇಳಲೇಬೇಕಾಗಿದ್ದನ್ನು ಕೇಳಿದಳು.

"ಇಷ್ಟು ದೊಡ್ಡ ಗೋಡೆ... ನನ್ನ ಮೇಲೆ ಏನೋ ಅಭಿಮಾನ ಅಂತ ಕೊಟ್ರಾ?"

ಅವನು ತಕ್ಷಣ ಅಡ್ಡಡ್ಡ ತಲೆಯಾಡಿಸಿದ.

"ಇಲ್ಲ. ಇದನ್ನ ಯಾರು ಮಾಡಿದ್ರೂ ಇಲ್ಲೇ ಹಾಕ್ತಿದ್ದೆ. ಇದು ನಿಮ್ಮ ಕೆಲಸಕ್ಕೆ ಸಿಕ್ಕಿದ್ದು, ನಾನು ಕೊಟ್ಟಿದ್ದಲ್ಲ." ಉಸಿರು ಎಳೆದುಕೊಂಡ. "ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ಅದು ಬೇರೆ. ಕ್ಲಾಸ್ ಮುಗಿಯೋವರೆಗೂ ಹೇಳಬಾರದು ಅಂತ ಬಾಯಿ ಕಟ್ಕೊಂಡಿದ್ದೆ. ಎರಡನ್ನೂ ಕಲಸಿಬಿಟ್ರೆ ನಿಮ್ಮ ಕೆಲಸದ ಬೆಲೆ ನಿಮಗೇ ಗೊತ್ತಾಗಲ್ಲ ಅಂತ ಭಯ."

ಅವಳು ಶಾಯಿ ಹತ್ತಿದ ಕೈಯಿಂದ ಕೆನ್ನೆ ಒರೆಸಿಕೊಂಡಳು. ಕೆನ್ನೆಯ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಅವನು ಅದನ್ನು ನೋಡಿದ, ಹೇಳಲಿಲ್ಲ.

"ಮೊದಲನೇದು ಅರ್ಥ ಆಯ್ತು," ಎಂದಳು ಕೊನೆಗೆ, ತಲೆ ಎತ್ತದೆ. "ಎರಡನೇದು ಇನ್ನೊಂದ್ಸಲ ಹೇಳಿ."

"ನೀವಂದ್ರೆ ನಂಗೆ ಇಷ್ಟ."

"ನಂಗೂ," ಎಂದಳು ಅವಳು. "ನಾಳೆ ಮನೆಗೆ ಊಟಕ್ಕೆ ಬನ್ನಿ. ಅಪ್ಪನ ಎದುರಿಗೆ ಕೂತ್ಕೊಳ್ಳಿ."