ಹಾಸನದಲ್ಲಿ ಸಮುದ್ರದ ಲೆಕ್ಕ

"ನಮ್ಮವ್ವನ್ನ ಟೇಬಲ್ ಮೇಲಿಂದ ಇಳ್ಸಿದ್ಯಾರ್ರೀ?"

ಸಿದ್ದೇಶನ ಕೂಗಿಗೆ ಹಾಸನದ ಆ ಆಸ್ಪತ್ರೆಯ ರೇಡಿಯೇಷನ್ ವಾರ್ಡೇ ತಿರುಗಿ ನೋಡಿತು.

"ನಾನೇ!" ಯಶಸ್ವಿನಿಯೂ ಬಿಡಲಿಲ್ಲ. ಮೆಷಿನ್ನಿನ ಡೋಸ್ ಅಳೆಯುವ ಫಿಸಿಸಿಸ್ಟ್ ಅವಳು. "ಎಲೆಕ್ಟ್ರಾನ್ ಬೀಮ್ ಹನ್ನೊಂದು ಪರ್ಸೆಂಟ್ ಕಮ್ಮಿ ತೋರಿಸ್ತಿದೆ. ಎಂಜಿನಿಯರ್ ಬಂದು ಏರಿಸೋವರೆಗೂ ಕೊಡಲ್ಲ!"

"ಕಟ್ಟಾಯದಿಂದ ಮೊದಲ್ನೇ ಬಸ್ಸಿಗೆ ಬಂದವ್ಳೆ ಕಣ್ರೀ! ಕೆನ್ನೆ ಮ್ಯಾಲಿನ ಗಡ್ಡೆ ದಿನಾ ದಪ್ಪ ಆಯ್ತಾ ಅದೆ. ನಿಮ್ಗೆ ಪರ್ಸೆಂಟಿನ ಚಿಂತೆ!"

"ಕಮ್ಮಿಯಾದ್ರೆ ಗಡ್ಡೆ ಉಳಿಯುತ್ತೆ, ಜಾಸ್ತಿಯಾದ್ರೆ ಕೆನ್ನೆ ಸುಡುತ್ತೆ. ಯಾವ್ದು ಬೇಕು, ಹೇಳಿ!"

ಬೆಂಚಿನ ಮೇಲಿದ್ದ ತಾಯಿ ಬೈರಮ್ಮ, "ಯಾಕ್ಲಾ, ಎಣ್ಮಗೀನ್ ಮ್ಯಾಲೆ ಅಂಗ್ ಆರಾಡ್ತೀಯಾ?" ಎಂದು ಗದರಿದಳು.

ಸುಮ್ಮನಾದನೇ? ಎಲ್ಲಿ ಬಂತು! ಹೊಳೆನರಸೀಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು, ಅವಳ ಕೈಯಲ್ಲಿದ್ದ ಲೆಕ್ಕದ ಹಾಳೆಯನ್ನೇ ಕಿತ್ತುಕೊಂಡ.

"ಗಾಳಿಯ ಒತ್ತಡ ಸಾವಿರದ ಹದಿಮೂರಾ? ಯಾತ್ರಲ್ಲಿ ಅಳೆದ್ರಿ?"

"ಬ್ಯಾರೋಮೀಟರ್ ಕೆಟ್ಟಿದೆ. ಮೊಬೈಲ್ ನೋಡಿ ಬರ್ಕೊಂಡೆ. ಏನೀಗ?"

"ಮೊಬೈಲ್ ಕೊಡೋದು ಸಮುದ್ರ ಮಟ್ಟದ ಲೆಕ್ಕ! ಎತ್ತರದ ಊರಲ್ಲಿ ಗಾಳಿ ತೆಳು, ಅದನ್ನ ಲೆಕ್ಕಕ್ಕೆ ಹಿಡೀದಿದ್ರೆ ಅಳೆಯೋ ಮೀಟರಲ್ಲಿ ಡೋಸ್ ಕಮ್ಮಿ ಅಂತಾನೇ ಕಾಣ್ತದೆ! ಹಾಸನದಲ್ಲಿ ಯಾವ ಸಮುದ್ರ ಐತೆ ಮೇಡಂ?"

ಹೌದಲ್ಲ ಅನಿಸಿತು ಅವಳಿಗೆ. ಆದರೂ ಸೋಲುವುದುಂಟೇ! "ಹಾಗಾದ್ರೆ ಸರಿಯಾದ ಲೆಕ್ಕ ನೀವೇ ತನ್ನಿ!"

ತಂದೇ ಬಿಟ್ಟ! ಬೈಕಿನಲ್ಲಿ ಹೋಗಿ, ಕಾಲೇಜಿನ ಬ್ಯಾರೋಮೀಟರನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟ.

ಮುಳ್ಳು ಒಂಬೈನೂರ ಐದರಲ್ಲಿ ನಿಂತಿತು. ಮತ್ತೆ ಲೆಕ್ಕ ಹಾಕಿದಳು. ಮೆಷಿನ್ ಸರಿಯಾಗೇ ಇತ್ತು! ಎಂಜಿನಿಯರ್ ಏರಿಸಿದ್ದರೆ ಬೈರಮ್ಮನ ಕೆನ್ನೆಗೆ ದಿನಾ ಹೆಚ್ಚಿನ ಡೋಸ್ ಬೀಳುತ್ತಿತ್ತು... ಹಾಳೆಯನ್ನು ಅವನ ಮುಂದಿಟ್ಟಳು.

"ತಪ್ಪು ನಂದೇ... ಬೈದುಬಿಡಿ," ಎಂದಳು.

"ಬೈಯೋಕೇ ಬಂದಿದ್ದೆ." ಅವನ ದನಿ ಇಳಿಯಿತು. "ಆದ್ರೆ ಲೆಕ್ಕ ತಾಳೆಯಾಗ್ದೇ ಇದ್ದಾಗ ಅವ್ವನ್ನ ಇಳ್ಸಿದ್ರಲ್ಲ... ಅದ್ಕೇ ತಪ್ಪು ಸಿಕ್ತು, ಅವ್ವನ ಕೆನ್ನೆ ಉಳೀತು."

ಆಮೇಲೆ ದಿನಾ ಚಿಕಿತ್ಸೆ, ದಿನಾ ಜಗಳ. ಟೀ ತಣ್ಣಗಾಯಿತೆಂದೂ ಜಗಳ! ಗಡ್ಡೆ ಕರಗಿತು, ಕೆನ್ನೆ ಸುಡಲಿಲ್ಲ. ಕೊನೆಯ ದಿನ ಆಸ್ಪತ್ರೆಗೆ ಹೊಸ ಬ್ಯಾರೋಮೀಟರ್ ಬಂತು. ಸಿದ್ದೇಶ ತನ್ನದನ್ನು ಟವೆಲ್‌ನಲ್ಲಿ ಸುತ್ತತೊಡಗಿದ.

'ಹೋಗ್ತಾನಂತೆ... ಒಂದು ಮಾತೂ ಆಡದೆ!' ಯಶಸ್ವಿನಿಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು.

"ಅದನ್ನ ಯಾಕ್ರೀ ತಗೊಂಡ್ ಹೋಗ್ತೀರಾ?"

"ಕಾಲೇಜಿಂದು. ವಾಪಸ್ ಕೊಡ್ಬೇಕು."

"ಮತ್ತೆ... ನೀವು?"

ಅವನ ಕೈ ನಿಂತಿತು. "ನನ್ನನ್ನ ಯಾರಿಗೂ ವಾಪಸ್ ಕೊಡ್ಬೇಕಿಲ್ಲ. ನೀವೇ ಇಟ್ಕೊಳ್ಳಿ, ಯಶಸ್ವಿನಿ."

ಅವಳ ಕಣ್ಣು ತುಂಬಿತು. "ಸರಿಯಾಗಿ ಅಳೆದು ಹೇಳ್ತಿದ್ದೀರಾ?"

"ಮೊಬೈಲ್ ನೋಡ್ಕೊಂಡಂತೂ ಅಲ್ಲ ಕಣ್ರೀ!"